ಬೀದರ್ ಗಡಿ ತಪಾಸಣೆ
ಬೀದರ್, ಭಾಲ್ಕಿ, ಔರಾದ್ ತಾಲ್ಲೂಕುಗಳ ಅಂತರರಾಜ್ಯ ಸಂಚಾರದ ಮೇಲಿನ ನಿಗಾ. ಇಂದಿನ ಗಡಿ 1956ರ ನವೆಂಬರ್ 1ರ ರಾಜ್ಯ ಪುನರ್ವಿಂಗಡಣೆಯದು: ಹಳೆಯ ಬೀದರ್ ಜಿಲ್ಲೆಯ ಉದಗೀರ, ನಿಲಂಗಾ, ಅಹಮದಪುರ ಮುಂಬಯಿ ರಾಜ್ಯಕ್ಕೂ, ಜಹೀರಾಬಾದ್, ನಾರಾಯಣಖೇಡ ಆಂಧ್ರಕ್ಕೂ ಹೋದವು. ಸಂತೆ, ನೆಂಟಸ್ತಿಕೆ ಗಡಿಯಾಚೆಗೂ ಉಳಿದವು. ಸಂವಿಧಾನದ 19ನೇ ವಿಧಿ ನಾಗರಿಕರಿಗೆ ದೇಶದೊಳಗೆ ಓಡಾಡುವ, ನೆಲೆಸುವ ಹಕ್ಕು ಕೊಟ್ಟಿದೆ; ಕೂಲಿಗಾಗಿ ಈ ಗಡಿ ದಾಟುವವರನ್ನು ಅಕ್ರಮ ವಲಸಿಗರೆನ್ನುವುದು ತಪ್ಪಷ್ಟೇ ಅಲ್ಲ, ಅನ್ಯಾಯ. 2017ರ ಜುಲೈನಲ್ಲಿ ಜಿಎಸ್‌ಟಿ ಬಂದು ವಾಣಿಜ್ಯ ತೆರಿಗೆ ತಪಾಸಣಾ ಠಾಣೆಗಳು ಮುಚ್ಚಿದವು. ಆದರೆ 2021ರ ಫೆಬ್ರುವರಿಯಲ್ಲಿ ಕೋವಿಡ್ ತಡೆಗಾಗಿ ಕರ್ನಾಟಕ ಸರ್ಕಾರ ಮಹಾರಾಷ್ಟ್ರದಿಂದ ಬರುವವರಿಗೆ 72 ಗಂಟೆಯೊಳಗಿನ ಆರ್‌ಟಿ–ಪಿಸಿಆರ್ ನೆಗೆಟಿವ್ ವರದಿ ಕಡ್ಡಾಯ ಮಾಡಿತು. ಔರಾದ್ ತಾಲ್ಲೂಕಿನ ವನಮಾರಪಳ್ಳಿ ಚೆಕ್‌ಪೋಸ್ಟ್‌ನಲ್ಲಿ ವಾಹನ ನಿಲ್ಲಿಸಿ ವರದಿ ನೋಡಿಯೇ ಒಳಬಿಡಬೇಕಾಯಿತು. ಮಹಾರಾಷ್ಟ್ರದ ಉದಗೀರ, ದೇಗಲೂರಿನ ಪೇಟೆಗೆ ಹೋಗಿಬರುವ ಹಳ್ಳಿಗರಿಗೆ ಅದೊಂದು ದೊಡ್ಡ ತೊಡಕಾಗಿತ್ತು.