ಕಸದ ಲಾರಿಯ ಹಿಂಬದಿ

ಬೀದಿಗೆ ಬರುವ ಕಸದ ಲಾರಿಯನ್ನು ಒಮ್ಮೆ ನಿಂತು ನೋಡಿ. ಕಸ ಹಗುರ, ಆದರೆ ಜಾಗ ಬಹಳ ಹಿಡಿಯುತ್ತದೆ. ಹೊರಬಲ್ಲಷ್ಟು ತೂಕ ಏರುವ ಮೊದಲೇ ತೆರೆದ ಲಾರಿ ತುಂಬಿಹೋಗುತ್ತದೆ. ಇದಕ್ಕೆ ಉಪಾಯವಾಗಿ ಅಮೆರಿಕದ ಗಾರ್ ವುಡ್ ಕಂಪನಿ 1930ರ ದಶಕದ ಕೊನೆಯಲ್ಲಿ ‘ಲೋಡ್ ಪ್ಯಾಕರ್’ ಲಾರಿಯನ್ನು ತಂದಿತು. ದ್ರವದ ಒತ್ತಡದಿಂದ ಚಲಿಸುವ ಉಕ್ಕಿನ ಹಲಗೆಯೊಂದು ಕಸವನ್ನು ಒಳಕ್ಕೆ ತಳ್ಳಿ ಅದುಮುತ್ತದೆ. ನೀವು ಓದಿದ ಪಾಸ್ಕಲನ ನಿಯಮವೇ ಅಲ್ಲಿ ದುಡಿಯುವುದು. ವಿಜ್ಞಾನ ಓದಿದ ನನಗೆ ಈ ಯಂತ್ರ ಮೆಚ್ಚುಗೆಯದೇ.

ಆದರೆ ಅದರ ಹಿಂಬದಿಯಲ್ಲಿ ನಿಂತು ದುಡಿಯುವವರ ಕಥೆ ಬೇರೆ. 1968ರ ಫೆಬ್ರವರಿ 1ರಂದು ಟೆನೆಸ್ಸಿ ರಾಜ್ಯದ ಮೆಂಫಿಸ್ ನಗರದಲ್ಲಿ ಜೋರು ಮಳೆ. ಲಾರಿಯ ಮುಂಭಾಗದಲ್ಲಿ ಕೂರಲು ಜಾಗವಿರಲಿಲ್ಲ. ಎಕೋಲ್ ಕೋಲ್, ರಾಬರ್ಟ್ ವಾಕರ್ ಎಂಬ ಇಬ್ಬರು ಕಪ್ಪು ಕಾರ್ಮಿಕರು ಕಸ ತುಂಬುವ ಭಾಗದೊಳಗೇ ಆಸರೆ ಪಡೆದರು. ಅದುಮುವ ಯಂತ್ರ ತಾನಾಗಿ ಚಾಲೂ ಆಯಿತು. ಇಬ್ಬರೂ ಸತ್ತರು. ಹಳೆಯ ಲಾರಿಗಳು ಅಪಾಯಕಾರಿ ಎಂದು ಕಾರ್ಮಿಕರು ಮೊದಲೇ ದೂರಿದ್ದರು, ಕೇಳಿದವರಿಲ್ಲ.

ಫೆಬ್ರವರಿ 12ರಿಂದ ಸುಮಾರು 1,300 ಮಂದಿ ಕೆಲಸ ನಿಲ್ಲಿಸಿದರು. ‘ನಾನು ಮನುಷ್ಯ’ ಎಂಬ ಫಲಕ ಹಿಡಿದು ಬೀದಿಗಿಳಿದರು. ಇವರ ಬೆಂಬಲಕ್ಕೆಂದೇ ಮಾರ್ಟಿನ್ ಲೂಥರ್ ಕಿಂಗ್ ಮೆಂಫಿಸ್‌ಗೆ ಬಂದದ್ದು. ಏಪ್ರಿಲ್ 4ರಂದು ಅಲ್ಲಿಯೇ ಗುಂಡಿಗೆ ಬಲಿಯಾದದ್ದು. ಕಿಂಗ್ ಅವರ ಹತ್ಯೆಯನ್ನು ನೀವು ಓದಿರುತ್ತೀರಿ, ಆ ಲಾರಿಯ ವಿಷಯ ಓದಿರಲಾರಿರಿ. ಏಪ್ರಿಲ್ 16ರಂದು ನಗರಾಡಳಿತ ಕಾರ್ಮಿಕರ ಸಂಘಕ್ಕೆ ಮಾನ್ಯತೆ ಕೊಟ್ಟು, ಕೂಲಿ ಹೆಚ್ಚಿಸಲು ಒಪ್ಪಿತು.