ಸ್ನೇಹಕ್ಕಾಗಿ ಆಡುವ ಚೆಂಡು

ಪಂದ್ಯವೆಂದ ಮೇಲೆ ಸೋಲು ಗೆಲುವು ಇದ್ದೇ ಇರುತ್ತವೆ. ಆದರೆ ಗೆದ್ದವರಿಗೆ ದೊಡ್ಡ ಪದವಿಯಿಲ್ಲ, ಸೋತವರು ಗಂಟುಮೂಟೆ ಕಟ್ಟಬೇಕಾಗಿಲ್ಲ ಎಂಬಂಥ ಪಂದ್ಯಗಳೂ ಉಂಟು. ಇವಕ್ಕೆ ಸ್ನೇಹಪಂದ್ಯಗಳೆಂದು ಹೆಸರು. ನಾರ್ವೆ ದೇಶದಲ್ಲಿ 2001ರಲ್ಲಿ ಮಹಿಳೆಯರ ಹ್ಯಾಂಡ್‌ಬಾಲ್ ಆಟಕ್ಕೆಂದು ಇಂಥದೊಂದು ಅಂತರರಾಷ್ಟ್ರೀಯ ಕೂಟ ಆರಂಭವಾಯಿತು. ಅದಕ್ಕೆ ಮೇಜು ಕುರ್ಚಿ ಮಾರುವ ಒಂದು ವ್ಯಾಪಾರ ಸಂಸ್ಥೆಯ ಹೆಸರನ್ನೇ ಇಟ್ಟರು: ಮ್ಯೋಬೆಲ್‌ರಿಂಗೆನ್ ಕಪ್. ಹೆಸರು ಕೇಳಿ ನಗುವವರು ಆ ಆಟದ ಹಿಂದಿನ ಕಥೆಯನ್ನು ಸ್ವಲ್ಪ ಕೇಳಬೇಕು.

ಈ ಆಟದ ಒಂದು ರೂಪ ಹುಟ್ಟಿದ್ದೇ ಹೆಂಗಸರಿಗಾಗಿ. ಮೊದಲನೆಯ ಮಹಾಯುದ್ಧದ ನಡುವೆ, 1917ರ ಅಕ್ಟೋಬರ್ 29ರಂದು, ಬರ್ಲಿನ್ನಿನ ಮ್ಯಾಕ್ಸ್ ಹೈಸರ್ ಎಂಬಾತ ಇದರ ನಿಯಮಗಳನ್ನು ಗೊತ್ತುಮಾಡಿದ. ಒಬ್ಬರ ಮೈ ಒಬ್ಬರಿಗೆ ತಾಗಬಾರದು ಎಂಬುದು ಅವನ ಕಟ್ಟಳೆ. ಎರಡು ವರ್ಷಗಳ ಮೇಲೆ ಕಾರ್ಲ್ ಶೆಲೆಂಟ್ಸ್ ಅದನ್ನು ಗಂಡಸರಿಗೂ ಹೊಂದುವಂತೆ ಬಿರುಸುಗೊಳಿಸಿದ. ಅಲ್ಲಿಂದ ಮುಂದೆ ಗಂಡಸರೇ ಮುಂದು! ಜರ್ಮನಿ, ಆಸ್ಟ್ರಿಯಗಳ ಗಂಡಸರು 1925ರಲ್ಲೇ ಪರಸ್ಪರ ಆಡಿದರು. ಅದೇ ದೇಶಗಳ ಹೆಂಗಸರ ಸರದಿ ಬಂದದ್ದು 1930ರಲ್ಲಿ. 1936ರ ಬರ್ಲಿನ್ ಒಲಿಂಪಿಕ್ಸಿನಲ್ಲಿ ಗಂಡಸರ ಹ್ಯಾಂಡ್‌ಬಾಲ್ ಮಾತ್ರ ಇತ್ತು. ಮಹಿಳೆಯರ ಮೊದಲ ವಿಶ್ವಕೂಟ 1949ರಲ್ಲಿ ಬುಡಾಪೆಸ್ಟಿನಲ್ಲಿ ನಡೆದು, ಹಂಗೆರಿ ಗೆದ್ದಿತು. ಒಲಿಂಪಿಕ್ಸಿನ ಬಾಗಿಲು ತೆರೆಯಲು 1976ರ ಮಾಂಟ್ರಿಯಲ್‌ವರೆಗೆ ಕಾಯಬೇಕಾಯಿತು. ತಮಗಾಗಿ ಹುಟ್ಟಿದ ಆಟಕ್ಕೆ ಹೆಂಗಸರು 59 ವರ್ಷ ಹೊರಗೆ ನಿಂತರು! ದೊಡ್ಡ ಕೂಟಗಳಿಲ್ಲದ ಆ ದಿನಗಳಲ್ಲಿ ಒಂದು ದೇಶ ಇನ್ನೊಂದನ್ನು ಕರೆದು ಆಡಿದ ಸ್ನೇಹದ ಆಟಗಳೇ ಅವರಿಗೆ ಆಸರೆ.

ನಾರ್ವೆಯ ಹೆಂಗಸರು 1988ರ ಸೋಲ್ ಒಲಿಂಪಿಕ್ಸಿನಲ್ಲಿ ಬೆಳ್ಳಿಯ ಪದಕ ಪಡೆದರು. 1999ರಲ್ಲಿ ತಮ್ಮ ನೆಲದಲ್ಲೇ, ಲಿಲ್ಲೆಹಾಮರಿನಲ್ಲಿ, ವಿಶ್ವಕೂಟದ ಕೊನೆಯ ಪಂದ್ಯವನ್ನು ಎರಡೆರಡು ಸಲ ಹೆಚ್ಚಿನ ಸಮಯ ಆಡಿ, ಫ್ರಾನ್ಸನ್ನು 25-24ರಿಂದ ಸೋಲಿಸಿದರು. ಸ್ನೇಹಕೂಟ ತೊಡಗಿದ್ದು ಇದಾದ ಎರಡು ವರ್ಷಕ್ಕೆ.

ಯುರೋಪಿನ ಕೂಟ ಒಂದು ವರ್ಷ, ವಿಶ್ವಕೂಟ ಮರುವರ್ಷ. ಹೀಗೆ ಪ್ರತಿ ಡಿಸೆಂಬರಿಗೂ ಒಂದು ಪರೀಕ್ಷೆ. ಅದಕ್ಕೆ ಮುಂಚಿನ ವಾರಗಳಲ್ಲಿ ನಾಲ್ಕು ದೇಶಗಳ ತಂಡಗಳು ಕೂಡಿ, ಪ್ರತಿಯೊಂದೂ ಉಳಿದ ಮೂರರೊಡನೆ ಆಡುವುದು ಈ ಕೂಟದ ರೂಢಿಯಾಗಿತ್ತು. ಅಂಗಣ 40 ಮೀಟರು ಉದ್ದ, 20 ಮೀಟರು ಅಗಲ. ಒಂದು ಕಡೆಗೆ ಏಳು ಮಂದಿ. ಚೆಂಡು ಹಿಡಿದು ಮೂರು ಹೆಜ್ಜೆಗಿಂತ ಹೆಚ್ಚು ನಡೆಯುವಂತಿಲ್ಲ. ಗೋಲಿನ ಮುಂದಿನ ಆರು ಮೀಟರಿನ ಗೆರೆಯ ಮೇಲಿಂದ ನೆಗೆದು, ಕಾಲು ನೆಲಕ್ಕೆ ತಾಗುವ ಮುನ್ನ ಎಸೆಯುವ ಸೊಗಸನ್ನು ನೋಡಿಯೇ ತಿಳಿಯಬೇಕು.

ನೋಡುವ ಜನ ಗೋಲು ಎಣಿಸುತ್ತಿರುವಾಗ ತರಬೇತು ಕೊಡುವವರ ಕಣ್ಣು ಬೇರೆ ಕಡೆ ಇರುತ್ತದೆ. ಎಡ ಅಂಚಿಗೆ ಯಾರು? ಗೋಲು ಕಾಯುವ ಎರಡನೆಯವಳು ಧೈರ್ಯವಂತಳೆ? 1994ರಿಂದ 2009ರವರೆಗೆ ನಾರ್ವೆಯ ತಂಡವನ್ನು ತಿದ್ದಿದ ಮಾರಿಟ್ ಬ್ರೈವಿಕ್ ತಾವೇ ಹಿಂದೆ ಆಟಗಾರ್ತಿಯಾಗಿದ್ದವರು. ಬೆಂಚಿನ ಮೇಲೆ ಕುಳಿತ ಹೊಸ ಹುಡುಗಿಗೆ ಇಂಥ ಸ್ನೇಹದಲ್ಲೂ ಎದೆ ಹೊಡೆದುಕೊಳ್ಳುತ್ತದೆ. ಡಿಸೆಂಬರಿನ ಪಟ್ಟಿಯಲ್ಲಿ ತನ್ನ ಹೆಸರು ಬೀಳುವುದೋ ಇಲ್ಲವೋ ಈ ಅರವತ್ತು ನಿಮಿಷಗಳಲ್ಲೇ ತೀರ್ಮಾನವಾಗಬಹುದು.

2001ರ ವಿಶ್ವಕೂಟದ ಕೊನೆಯ ಪಂದ್ಯದಲ್ಲಿ ನಾರ್ವೆ ರಷ್ಯಕ್ಕೆ ಸೋತಿತು. 2007ರಲ್ಲೂ ಅಷ್ಟೆ. ಮರುವರ್ಷ ಬೀಜಿಂಗ್ ಒಲಿಂಪಿಕ್ಸಿನಲ್ಲಿ ಅದೇ ರಷ್ಯವನ್ನು 34-27ರಿಂದ ಗೆದ್ದು, ಚಿನ್ನವನ್ನು ಊರಿಗೆ ತಂದಿತು.