ಕಡಿದ ತೋಳು ಬರೆದ ಓಲೆ

ಅಂತಃಪುರದಲ್ಲಿ ಸಖಿಯರ ನಡುವೆ ಕುಳಿತ ಹೆಣ್ಣಿನ ಮುಂದೆ ಆಕಾಶದಿಂದ ಒಂದು ತೋಳು ಬಂದು ಬೀಳುತ್ತದೆ. ಕಡಿದ ತೋಳು; ರಕ್ತ ಇನ್ನೂ ಆರಿಲ್ಲ. ಅದು ತನ್ನ ಗಂಡನದೇ ಇರಬಹುದೆ ಎಂಬ ಶಂಕೆಯಲ್ಲಿ ಆಕೆ ತೋಳನ್ನೇ ಪ್ರಶ್ನಿಸುತ್ತಾಳೆ. ತಾನು ಪತಿವ್ರತೆ ಎಂಬುದು ನಿಜವಾದರೆ ನಡೆದುದನ್ನು ಬರೆದು ತಿಳಿಸಲಿ ಎನ್ನುತ್ತಾಳೆ. ಸತ್ತ ಕೈ ಬರೆಯತೊಡಗುತ್ತದೆ. ಯುದ್ಧದಲ್ಲಿ ಲಕ್ಷ್ಮಣನ ಬಾಣಕ್ಕೆ ಇಂದ್ರಜಿತು ಬಿದ್ದ, ತಲೆ ರಾಮನ ಪಾಳೆಯದಲ್ಲಿದೆ ಎಂಬುದು ಆ ಓಲೆಯ ಒಕ್ಕಣೆ. ಗಂಡನ ತಲೆಯನ್ನು ಕೇಳಿ ಪಡೆಯಲು ಆಕೆ ಶತ್ರುಗಳ ಪಾಳೆಯಕ್ಕೇ ಹೋಗುತ್ತಾಳೆ. ಕಡಿದ ಕೈ ಬರೆಯಿತೆಂಬ ಮಾತನ್ನು ಅಲ್ಲಿನ ವಾನರ ವೀರರು ನಂಬುವುದಿಲ್ಲ. ಹಾಗಿದ್ದರೆ ಈ ತಲೆಯನ್ನು ನಗಿಸು ನೋಡೋಣ ಎನ್ನುತ್ತಾರೆ. ಕಡಿದ ತಲೆ ನಗುತ್ತದೆ.

ಇದು ಇಂದ್ರಜಿತುವಿನ ಹೆಂಡತಿ ಸುಲೋಚನೆಯ ಕಥೆ. ವಾಲ್ಮೀಕಿ ರಾಮಾಯಣದಲ್ಲಿ ಇದು ಇಲ್ಲ. ನಂತರದ ಕಾಲದ ಕಥನಗಳಲ್ಲಿ, ಜನಪದರ ಬಾಯಲ್ಲಿ, ನಾಟಕಗಳಲ್ಲಿ ಬೆಳೆದದ್ದು. ಕನ್ನಡದ ಮೊದಲ ವಾಕ್ಚಿತ್ರವೆಂದು ಎಲ್ಲರೂ ಬಲ್ಲ 'ಸತಿ ಸುಲೋಚನ' ಈ ಹೆಣ್ಣಿನ ಹೆಸರಿನದೇ. ಅದು 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡಿತು. ಭೀತಿ ಹುಟ್ಟಿಸುವ ಚಿತ್ರಗಳು ಕನ್ನಡಕ್ಕೆ ತಡವಾಗಿ ಬಂದವು, ಅವು ಹೊರಗಿನಿಂದ ಬಂದ ಸರಕು ಎಂಬ ಮಾತು ಆಗಾಗ ಕೇಳಿಬರುತ್ತದೆ. ಆದರೆ ಕನ್ನಡ ಚಿತ್ರರಂಗ ಮಾತು ಕಲಿತದ್ದೇ ಕಡಿದ ತೋಳು ಬರೆಯುವ, ಕಡಿದ ತಲೆ ನಗುವ ಕಥೆಯನ್ನು ಆಯ್ದುಕೊಂಡು ಎಂಬುದು ಗಮನಿಸಬೇಕಾದ ಸಂಗತಿ.

ಆ ಚಿತ್ರದ ಮಾತು ಮತ್ತು ಹಾಡುಗಳನ್ನು ಬರೆದವರು ತುಮಕೂರು ಸೀಮೆಯವರು.

ಬೆಳ್ಳಾವೆಯ ಶಾಸ್ತ್ರಿಗಳು

ತುಮಕೂರು ತಾಲ್ಲೂಕಿನ ಹೋಬಳಿ ಕೇಂದ್ರ ಬೆಳ್ಳಾವೆ. ಆ ಊರಿನ ಹೆಸರನ್ನು ತಮ್ಮ ಹೆಸರಿಗೆ ಅಂಟಿಸಿಕೊಂಡವರು ಬೆಳ್ಳಾವೆ ನರಹರಿ ಶಾಸ್ತ್ರಿ (1882–1961). ಚಿತ್ರಕ್ಕೆ ಬರೆಯುವ ಮೊದಲೇ ಅವರು ನಾಟಕ ಕಂಪನಿಗಳ ಕವಿಯಾಗಿ ಹೆಸರಾಗಿದ್ದರು. ಗುಬ್ಬಿ ಕಂಪನಿಗೆ ಅವರು ಬರೆದುಕೊಟ್ಟ 'ಶ್ರೀ ಕೃಷ್ಣಲೀಲಾ' ಬಹುಕಾಲ ಜನರನ್ನು ಸೆಳೆದ ನಾಟಕ. ಕಂಪನಿ ನಾಟಕದ ಕವಿಗೆ ಒಂದು ವಿದ್ಯೆ ಚೆನ್ನಾಗಿ ಗೊತ್ತಿರಬೇಕಾಗಿತ್ತು. ಧ್ವನಿವರ್ಧಕವಿಲ್ಲದ ಕಾಲದಲ್ಲಿ ಕೊನೆಯ ಸಾಲಿನ ಚಾಪೆಯವನಿಗೂ ಮಾತು ಮುಟ್ಟಬೇಕು; ಅವನು ಬೆಚ್ಚಬೇಕಾದಲ್ಲಿ ಬೆಚ್ಚಬೇಕು, ಅಳಬೇಕಾದಲ್ಲಿ ಅಳಬೇಕು. ಹೊಸದಾಗಿ ಬಂದ ವಾಕ್ಚಿತ್ರಕ್ಕೆ ಬೇಕಾಗಿದ್ದುದೂ ಇದೇ ವಿದ್ಯೆ.

ಚಿತ್ರಕ್ಕೆ ಹಣ ಹಾಕಿದವರು ಬೆಂಗಳೂರಿನ ವರ್ತಕ ಚಮನ್‌ಲಾಲ್ ಡುಂಗಾಜಿ. ನಿರ್ದೇಶಕರು ವೈ.ವಿ. ರಾವ್, ಲಕ್ಷ್ಮಣನ ಪಾತ್ರವೂ ಅವರದೇ. ಆರ್. ನಾಗೇಂದ್ರರಾಯರು ರಾವಣನಾದರು, ಎಂ.ವಿ. ಸುಬ್ಬಯ್ಯ ನಾಯ್ಡು ಇಂದ್ರಜಿತುವಾದರು, ತ್ರಿಪುರಾಂಬ ಸುಲೋಚನೆಯಾದರು. ಚಿತ್ರೀಕರಣ ನಡೆದದ್ದು ಕೊಲ್ಹಾಪುರದ ಛತ್ರಪತಿ ಸ್ಟುಡಿಯೋದಲ್ಲಿ. ಆಗ ಮೈಸೂರು ಸಂಸ್ಥಾನದಲ್ಲಿ ವಾಕ್ಚಿತ್ರ ತಯಾರಿಸುವ ಅನುಕೂಲ ಇರಲಿಲ್ಲ. ಕನ್ನಡದ ಮಾತು ಮರಾಠಿ ಸೀಮೆಗೆ ಹೋಗಿ ದಾಖಲಾಗಿ ಬರಬೇಕಾಯಿತು.

ಈ ಕಥೆಯ ಭೀಕರತೆ ಅದರ ರಕ್ತದಲ್ಲಿಲ್ಲ, ಅದರ ನಂಟಿನಲ್ಲಿದೆ. ಸುಲೋಚನೆ ಆದಿಶೇಷನ ಮಗಳು. ಲಕ್ಷ್ಮಣ ಆದಿಶೇಷನ ಅವತಾರ. ಹಾಗಾಗಿ ಅಳಿಯನನ್ನು ಕೊಂದವನು ಮಾವನೇ. ಮಗಳು ಅಪ್ಪನ ಮುಂದೆ ನಿಂತು ಗಂಡನ ತಲೆ ಕೇಳುತ್ತಾಳೆ. ಕೊನೆಗೆ ಆಕೆ ಚಿತೆಯೇರುತ್ತಾಳೆ. ಸತಿ ಪದ್ಧತಿಯನ್ನು ಬ್ರಿಟಿಷ್ ಸರ್ಕಾರ 1829ರಲ್ಲೇ ಬಂಗಾಳದಲ್ಲಿ ನಿಷೇಧಿಸಿತ್ತು. ಆದರೂ ಒಂದು ಶತಮಾನದ ನಂತರದ ರಂಜನೆಯಲ್ಲಿ ಅದು ಆದರ್ಶವಾಗಿಯೇ ಉಳಿದಿತ್ತು. ಇಂದಿನ ಪ್ರೇಕ್ಷಕನಿಗೆ ಕಡಿದ ತೋಳಿಗಿಂತ ಆ ಚಿತೆಯೇ ಹೆಚ್ಚು ಭಯಾನಕವಾಗಿ ಕಂಡರೆ ಆಶ್ಚರ್ಯವಿಲ್ಲ.

ಗುಬ್ಬಿಯ ರಣರಂಗ

ಅದೇ ಆಸುಪಾಸಿನಲ್ಲಿ ರಂಗಭೂಮಿಯನ್ನು ನಡುಗಿಸಿದ್ದು ಗುಬ್ಬಿ ಕಂಪನಿಯ 'ಕುರುಕ್ಷೇತ್ರ'. ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿ ಗುಬ್ಬಿಯಲ್ಲಿ ಹುಟ್ಟಿದ್ದು 1884ರಲ್ಲಿ. ಬೆಂಗಳೂರಿನಿಂದ ತುಮಕೂರಿಗೆ ರೈಲು ಬಂದದ್ದೂ ಅದೇ ವರ್ಷ. ಪರದೆ, ವೇಷ, ಪೆಟ್ಟಿಗೆಗಳ ದೊಡ್ಡ ಸಂಸಾರವನ್ನು ಊರಿಂದೂರಿಗೆ ಸಾಗಿಸಬೇಕಾದ ಕಂಪನಿಗೆ ರೈಲುಮಾರ್ಗ ಎಷ್ಟು ಮುಖ್ಯ ಎಂಬುದನ್ನು ವಿವರಿಸಬೇಕಾಗಿಲ್ಲ. ಬಾಲನಟನಾಗಿ ಸೇರಿದ ಗುಬ್ಬಿ ವೀರಣ್ಣ 1917ರಲ್ಲಿ ಕಂಪನಿಯ ಒಡೆಯರಾದರು. ಹಾಸ್ಯನಟರಾಗಿ ನಗಿಸುತ್ತಿದ್ದ ಅವರೇ ರಂಗದ ಮೇಲೆ ನಿಜವಾದ ಆನೆ, ಕುದುರೆಗಳನ್ನು ತಂದು 'ಕುರುಕ್ಷೇತ್ರ'ವನ್ನು ಆಡಿಸಿದರು. ಬರೆದವರು ಬಿ. ಪುಟ್ಟಸ್ವಾಮಯ್ಯ. ಮುಂದೆ ಬಸವಣ್ಣನವರ ಕಾಲವನ್ನು ಕುರಿತ 'ಕ್ರಾಂತಿ ಕಲ್ಯಾಣ' ಕಾದಂಬರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದವರು ಇವರೇ.

ತುಮಕೂರು ಸೀಮೆಯ ಜನಕ್ಕೆ ಬೆಚ್ಚಿಬೀಳುವ ಸುಖ ಹೊಸದಾಗಿರಲಿಲ್ಲ. ಮೂಡಲಪಾಯ ಯಕ್ಷಗಾನದಲ್ಲಿ ರಾಕ್ಷಸ ವೇಷ ಅಬ್ಬರಿಸುತ್ತ ಬರುವುದನ್ನು ಕಂಡು ಮಕ್ಕಳು ತಾಯಂದಿರ ಸೆರಗಿನಲ್ಲಿ ಮುಖ ಮುಚ್ಚಿಕೊಂಡದ್ದುಂಟು. ಕಂಪನಿ ನಾಟಕ ಆ ಅಬ್ಬರಕ್ಕೆ ಬೆಳಕು, ಪರದೆ, ಸೀನರಿಗಳ ಬಲ ಕೊಟ್ಟಿತು. ಆದರೆ ಕುರುಕ್ಷೇತ್ರದ ಕಥೆಯಲ್ಲಿ ಎದೆ ನಡುಗಿಸುವವನು ರಾಕ್ಷಸನಲ್ಲ. ದುಶ್ಶಾಸನನ ಎದೆ ಬಗೆದು ರಕ್ತ ಕುಡಿಯುವವನು ಪಾಂಡವ ಭೀಮ. ಸತ್ತವನು ಅವನ ದಾಯಾದಿ.

ಪುಸ್ತಕದಲ್ಲೂ ಅದೇ ಮಸಣ

ಆ ದಶಕದ ಆಸುಪಾಸಿನ ಪುಸ್ತಕಗಳನ್ನು ತೆರೆದರೆ ಅಲ್ಲಿಯೂ ಇದೇ ರಣಭೂಮಿ ಎದುರಾಗುತ್ತದೆ. ಗುಬ್ಬಿ, ಕುಣಿಗಲ್ ತಾಲ್ಲೂಕುಗಳಿಗೆ ಅಂಟಿಕೊಂಡಿರುವ ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ 1884ರಲ್ಲಿ ಹುಟ್ಟಿದ ಬಿ.ಎಂ. ಶ್ರೀಕಂಠಯ್ಯನವರು ರನ್ನನ ಕಾವ್ಯವನ್ನು 1926ರಲ್ಲಿ 'ಗದಾಯುದ್ಧ ನಾಟಕಂ' ಆಗಿ ರೂಪಿಸಿದರು. 1929ರಲ್ಲಿ 'ಅಶ್ವತ್ಥಾಮನ್' ಬರೆದರು. ಗ್ರೀಕ್ ನಾಟಕಕಾರ ಸೋಫೋಕ್ಲಿಸನ 'ಏಜಾಕ್ಸ್' ಅದಕ್ಕೆ ಮಾದರಿ. ಕುವೆಂಪು ಅವರ 'ಸ್ಮಶಾನ ಕುರುಕ್ಷೇತ್ರಂ' ಬಂದದ್ದು 1931ರಲ್ಲಿ. ಅಲ್ಲಿ ಯುದ್ಧ ಮುಗಿದ ರಾತ್ರಿ ಹೆಣಗಳ ನಡುವೆ ತಮ್ಮವರನ್ನು ಹುಡುಕುವವರು ರಾಜರ ಮನೆಯವರಷ್ಟೇ ಅಲ್ಲ. ಹೆಸರಿಲ್ಲದ ಸೈನಿಕರ ತಾಯಿ, ಹೆಂಡಿರೂ ಇದ್ದಾರೆ.

ಪಂಡಿತರ ನಾಟಕ ಬೇರೆ, ಟಿಕೆಟ್ ಕೊಂಡು ನೋಡುವ ನಾಟಕ ಬೇರೆ ಎನ್ನುವುದು ರೂಢಿ. ಈ ಒಂದು ವಿಷಯದಲ್ಲಿ ಮಾತ್ರ ಎರಡೂ ಒಂದೇ ಮಸಣದಲ್ಲಿ ಬಂದು ನಿಂತಿದ್ದವು. 1931ರಲ್ಲಿ ಅಮೆರಿಕದ ಯೂನಿವರ್ಸಲ್ ಸಂಸ್ಥೆ 'ಡ್ರಾಕುಲಾ' ಮತ್ತು 'ಫ್ರಾಂಕೆನ್‌ಸ್ಟೈನ್' ಚಿತ್ರಗಳನ್ನು ತೆರೆಗೆ ತಂದಿತ್ತು. ಅಲ್ಲಿ ಸತ್ತವನು ಎದ್ದು ಬಂದರೆ ಬದುಕಿರುವವರು ಓಡಬೇಕು. ಸುಲೋಚನೆ ಓಡುವುದಿಲ್ಲ. ಕಡಿದ ತೋಳನ್ನು ಮಾತನಾಡಿಸುತ್ತಾಳೆ, ಕಡಿದ ತಲೆಯನ್ನು ಬೇಡಿ ತರುತ್ತಾಳೆ. ಸತ್ತವನು ಆಕೆಗೆ ಭೂತವಲ್ಲ, ಗಂಡ.

ಭರತನ ನಾಟ್ಯಶಾಸ್ತ್ರ ಎಂಟು ರಸಗಳಲ್ಲಿ ಭಯಾನಕಕ್ಕೂ ಬೀಭತ್ಸಕ್ಕೂ ಸ್ಥಾನ ಕೊಟ್ಟಿದೆ. ಬೀಭತ್ಸದಿಂದ ಭಯಾನಕ ಹುಟ್ಟುತ್ತದೆ, ರೌದ್ರದಿಂದ ಕರುಣ ಹುಟ್ಟುತ್ತದೆ ಎಂದು ಅದು ಹೇಳುತ್ತದೆ. 1934ರ ಆಸುಪಾಸಿನ ಚಿತ್ರ, ನಾಟಕ, ಪುಸ್ತಕಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಈ ಮಾತಿನ ಅರ್ಥ ಸ್ಪಷ್ಟವಾಗುತ್ತದೆ. ಭಯ ಅಲ್ಲಿ ಕೊನೆಯಲ್ಲ, ಅಳುವಿಗೆ ಹೋಗುವ ದಾರಿ. ಯುದ್ಧ ಗೆದ್ದವರು ಯಾರು ಎಂದು ಮುಗಿಯಬಹುದಾಗಿದ್ದ ಕಥೆಯನ್ನು ಹೆಣದ ಬಳಿ ಉಳಿದವರು ಯಾರು ಎಂಬಲ್ಲಿಗೆ ತಂದು ನಿಲ್ಲಿಸಿದ್ದು ಆ ಭಯವೇ.

ಹೆಣ್ಣು ದೆವ್ವವಾದದ್ದು

ಮುಂದೆ ಕನ್ನಡ ತೆರೆಯ ಭೀತಿಯ ರೂಪ ಬದಲಾಯಿತು. 1979ರಲ್ಲಿ ವಿಜಯ್ ನಿರ್ದೇಶನದ 'ನಾ ನಿನ್ನ ಬಿಡಲಾರೆ' ಬಂತು. ಅನಂತನಾಗ್ ಮತ್ತು ಲಕ್ಷ್ಮಿ ನಟಿಸಿದ ಆ ಚಿತ್ರ ಕನ್ನಡದ ದೆವ್ವದ ಚಿತ್ರಗಳಿಗೆ ಮಾದರಿಯಾಯಿತು. ಅಲ್ಲಿ ಸತ್ತ ಹೆಣ್ಣಿನ ಆತ್ಮ ಬದುಕಿರುವ ಗಂಡನ್ನು ಬೆನ್ನಟ್ಟುತ್ತದೆ. 1993ರಲ್ಲಿ ಉಪೇಂದ್ರ ನಿರ್ದೇಶನದ 'ಶ್!', 2004ರಲ್ಲಿ ಪಿ. ವಾಸು ನಿರ್ದೇಶನದ 'ಆಪ್ತಮಿತ್ರ' ಬಂದವು. 'ಆಪ್ತಮಿತ್ರ'ದ ನಾಗವಲ್ಲಿ ಮನೆಮಾತಾದಳು. ಸುಲೋಚನೆಯ ಕಥೆಯಲ್ಲಿ ಹೆಣ್ಣು ಸಾವನ್ನು ಎದುರಿಸಿ ನಿಂತವಳು. ನಂತರದ ಕಥೆಗಳಲ್ಲಿ ಆಕೆಯೇ ಭಯದ ಮೂಲವಾದಳು. ನಾಗವಲ್ಲಿಯ ಹಿಂದೆ ಅನ್ಯಾಯವಾಗಿ ಸತ್ತ ನರ್ತಕಿಯ ದುಃಖವಿದೆ ಎಂಬುದು ನಿಜ. ಆದರೆ ಪ್ರೇಕ್ಷಕನ ನೆನಪಿನಲ್ಲಿ ಉಳಿದದ್ದು ಆಕೆಯ ಕಣ್ಣು, ಗೆಜ್ಜೆ, ಅಳುವಲ್ಲ.

ಉಳಿದದ್ದು, ಕಳೆದದ್ದು

'ಸತಿ ಸುಲೋಚನ'ದಲ್ಲಿ ಆ ತೋಳು ಹೇಗೆ ಬರೆಯಿತು, ಆ ತಲೆ ಹೇಗೆ ನಕ್ಕಿತು ಎಂಬುದನ್ನು ಇಂದು ನೋಡುವಂತಿಲ್ಲ. ಚಿತ್ರದ ಒಂದು ಪ್ರತಿಯೂ ಉಳಿದಿಲ್ಲ. ಆ ಕಾಲದ ನೈಟ್ರೇಟ್ ಫಿಲಂ ಬೇಗ ಹೊತ್ತಿಕೊಳ್ಳುವಂಥದು, ಕಾಲಕ್ರಮದಲ್ಲಿ ತಾನೇ ಕರಗಿ ಹಾಳಾಗುವಂಥದು. ಅದರಲ್ಲಿನ ಬೆಳ್ಳಿಗಾಗಿ ಹಳೆಯ ಪ್ರತಿಗಳನ್ನು ಕರಗಿಸುವುದೂ ದೇಶದಲ್ಲಿ ನಡೆದಿತ್ತು. ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಆರಂಭವಾದದ್ದು 1964ರಲ್ಲಿ. ಅಂದರೆ ಚಿತ್ರ ತೆರೆಕಂಡ ಮೂವತ್ತು ವರ್ಷಗಳ ಮೇಲೆ. ಮಾರ್ಚ್ 3ನ್ನು ಕನ್ನಡ ಚಲನಚಿತ್ರ ದಿನವೆಂದು ನೆನೆಯುವುದುಂಟು. ಆ ದಿನ ನೆನೆಯುವ ಚಿತ್ರ ಮಾತ್ರ ಹೆಸರಾಗಿ ಉಳಿದಿದೆ.

ನಾಟಕದ ಗತಿ ಬೇರೆಯಾಯಿತು. ಯಂತ್ರ ಹಿಡಿದಿಟ್ಟದ್ದು ಹೋಯಿತು. ಜನ ಬಾಯಿಪಾಠ ಮಾಡಿದ್ದು ಉಳಿಯಿತು. ಗುಬ್ಬಿ ವೀರಣ್ಣನವರು 1972ರಲ್ಲಿ ತೀರಿಕೊಂಡರು. ತುಮಕೂರಿನ ಕಲಾಕ್ಷೇತ್ರಕ್ಕೆ ಅವರ ಹೆಸರಿದೆ. ಈ ಸೀಮೆಯ ಹಳ್ಳಿಗಳಲ್ಲಿ 'ಕುರುಕ್ಷೇತ್ರ' ಎಂಬ ಹೆಸರಿನ ಪೌರಾಣಿಕ ನಾಟಕ ಇಂದಿಗೂ ಆಡುತ್ತದೆ. ಕುಣಿಗಲ್ ಪೇಟೆಗೆ ರೈಲು ಬಂದದ್ದು 2017ರಲ್ಲಿ. ಕುರುಕ್ಷೇತ್ರ ಅದಕ್ಕಾಗಿ ಕಾಯಲಿಲ್ಲ. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಸಂಜೆಯ ಹೊತ್ತು ಊರವರಿಗೆ ಪಾಠ ಹೇಳಿಕೊಡುತ್ತಾರೆ. ಪಾತ್ರಧಾರಿಗಳು ಪಾತ್ರಕ್ಕಿಷ್ಟು ಎಂದು ತಾವೇ ಹಣ ಹಾಕುತ್ತಾರೆ. ಸೀನರಿ, ಡ್ರೆಸ್ಸು ಬಾಡಿಗೆಗೆ ಬರುತ್ತವೆ. ಹಗಲು ಹೊಲದಲ್ಲೋ ಅಂಗಡಿಯಲ್ಲೋ ದುಡಿದವನು ರಾತ್ರಿ ದುರ್ಯೋಧನನಾಗುತ್ತಾನೆ.

ಬೆಳಗಿನ ಜಾವಕ್ಕೆ ಯುದ್ಧ ಮುಗಿಯುವ ಹೊತ್ತಿಗೆ ಅರ್ಧ ಸಭೆ ನಿದ್ದೆಯಲ್ಲಿರುತ್ತದೆ. ಎಚ್ಚರವಿದ್ದವರಲ್ಲಿ ಸೆರಗಿನಿಂದ ಕಣ್ಣೊರೆಸಿಕೊಳ್ಳುವ ಮುದುಕಿಯರು ಈಗಲೂ ಕಾಣಸಿಗುತ್ತಾರೆ. 1934ರ ಪ್ರೇಕ್ಷಕರು ಭಯಕ್ಕೆ ಹಣ ಕೊಟ್ಟು ಮನೆಗೆ ಕೊಂಡೊಯ್ದದ್ದು ಏನು ಎಂಬುದನ್ನು ತಿಳಿಯಬೇಕಾದವರು ಅವರ ಪಕ್ಕದಲ್ಲಿ ಒಂದು ರಾತ್ರಿ ಕುಳಿತರೆ ಸಾಕು.